ಗೋರಿಯೊಳಗೊಂದು ಗುಟುಕು ನೀರು

“ಮೇಡಂ, ಸಾಕು, ಹೊರಗೆ ಬನ್ನಿ. ಸತ್ತವರ ಮನೆ ಅದು.”

“ಬರೀ ಸತ್ತವರ ಮನೆ ಆಗಿದ್ರೆ ನಾನೂ ಸುಮ್ನಿರ್ತಿದ್ದೆ ಸ್ತ್ರಾತೊ,” ಕತ್ತಲೊಳಗಿಂದ ಎರ್ಗಿನಿಯ ದನಿ ಬಂತು. “ಇಲ್ಲಿ ಜೀವ ಇದ್ದವನೊಬ್ಬ ಇದ್ದ. ಟಾರ್ಚು ಸ್ವಲ್ಪ ಎಡಕ್ಕೆ ಹಿಡಿ.”

ಪೇದೆ ಸ್ತ್ರಾತೊ ಹೊಟ್ಟೆಯ ಮೇಲೆ ಮಲಗಿ ಕೈಯನ್ನಷ್ಟೇ ಒಳಗೆ ಚಾಚಿದ. ಅವನು ಗ್ರೀಸಿನ ನಡುನಾಡಿನ ಲಾರಿಸಾದ ಬಯಲಿನವನು. ಕ್ರೀಟ್ ದ್ವೀಪಕ್ಕೆ ವರ್ಗವಾಗಿ ಬಂದು ಒಂದು ಚಳಿಗಾಲ ಕಳೆದಿದ್ದರೂ ಎತ್ತರ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನ ಬೆನ್ನ ಹಿಂದೆ ನಾಲ್ಕು ಹೆಜ್ಜೆಗೆ ಕಾಗೆಗೂಡು ಶಿಖರದ ಅಂಚು. ಅದರಾಚೆ ಬರೀ ಗಾಳಿ, ಗಾಳಿಯ ಕೆಳಗೆ ಕಮರಿ.

ಆ ಕಮರಿಯ ತಳದಲ್ಲೇ ಸೋಮವಾರ ಪುರಾತತ್ವ ಕಾವಲುಗಾರ ಪೊಲಿಯೊನ ಹೆಣ ಸಿಕ್ಕಿದ್ದು. ಬಂಡೆಸಂದಿಯ ಮದ್ದಿನ ಸೊಪ್ಪು ಕೀಳಲು ಹೋಗಿ ಜಾರಿದ ಎಂದು ಪ್ರಿನಾರಿ ಊರಿಗೆ ಊರೇ ಒಂದೇ ಬಾಯಲ್ಲಿ ಹೇಳಿತ್ತು.

ಒಂದೇ ಬಾಯಲ್ಲಿ. ಎರ್ಗಿನಿಯ ಪಿತ್ತ ಕೆರಳಿದ್ದು ಅದಕ್ಕೇ. ಕುರಿಯ ಬೆಲೆಯಿಂದ ಪಾದ್ರಿಯ ಗಡ್ಡದವರೆಗೆ ಯಾವುದರಲ್ಲೂ ಒಂದಾಗದ ಊರು, ಒಬ್ಬ ಮನುಷ್ಯನ ಸಾವಿನಲ್ಲಿ ಮಾತ್ರ ಒಂದಾಗಿತ್ತು. ಅವಳು ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಈಗ ಇದೇ ಊರಿನ ಠಾಣೆಯ ಸಾರ್ಜೆಂಟ್. ಯಾರು ಯಾವಾಗ ಸುಳ್ಳು ಹೇಳುತ್ತಾರೆಂದು ಅವರ ಕೆಮ್ಮಿನಿಂದಲೇ ಹೇಳಬಲ್ಲಳು.

ವೈದ್ಯರು ಎರಡು ಮಾತು ಹೇಳಿದ್ದರು. ಬಂಡೆಗಳ ಮೇಲೆ ರಕ್ತವಿಲ್ಲ, ಅಂದರೆ ಬೀಳುವ ಮೊದಲೇ ಜೀವ ಹೋಗಿತ್ತು, ಬಹುಶಃ ಚಳಿಗೆ ಎದೆ ನಿಂತು. ಎರಡನೆಯದು, ಉಗುರಿನ ತುಂಬ ಕೆಂಪು ಮಣ್ಣು. ಬೋಳು ಸುಣ್ಣಕಲ್ಲಿನ ಈ ಬೆಟ್ಟದಲ್ಲಿ ಕೆಂಪು ಮಣ್ಣು ಎಲ್ಲಿಂದ ಬರಬೇಕು?

ಈಗ ಅದು ಅವಳ ಮೊಣಕಾಲ ಕೆಳಗಿತ್ತು.

ಹೊರಗಿನಿಂದ ನೋಡಿದರೆ ಕಲ್ಲುಗುಪ್ಪೆ, ಅದರ ಮೇಲೆ ಮುಳ್ಳುಪೊದೆ. ಒಳಗೆ ತೆವಳಿದರೆ ದುಂಡಗಿನ ಗೋಡೆ, ಕಲ್ಲಿನ ಮೇಲೆ ಕಲ್ಲು ಒಳಕ್ಕೆ ಬಾಗುತ್ತ ಬಾಗುತ್ತ ನೆತ್ತಿಯಲ್ಲಿ ಕೂಡಿಕೊಂಡು, ಬೋರಲು ಹಾಕಿದ ಮಡಕೆಯಂತೆ. ಇಂದಿಗೂ ಕುರುಬರು ಗಿಣ್ಣು, ಅಂದರೆ ಚೀಸು, ಮಾಡುವ ಗುಡಿಸಲನ್ನು ಕಟ್ಟುವುದು ಹೀಗೆಯೇ. ನೆಲದಲ್ಲಿ ಸುಟ್ಟ ಮಣ್ಣಿನ ಮೂರು ಶವಪೆಟ್ಟಿಗೆಗಳು. ಎರಡನ್ನು ಸಲಿಕೆಯಿಂದ ಒಡೆದು, ಒಳಗಿದ್ದುದನ್ನು ದೋಚಿ, ಮೂಳೆಗಳನ್ನು ಮೂಲೆಗೆ ಒದ್ದಿದ್ದರು. ಮೂರು ಸಾವಿರ ವರ್ಷ ನೆಮ್ಮದಿಯಾಗಿ ಮಲಗಿದ್ದವರ ಮೂಳೆ.

ಅವಳು ನೋಡುತ್ತಿದ್ದುದು ಆ ಮೂಳೆಗಳನ್ನಲ್ಲ, ಬಾಗಿಲಿನ ಚಪ್ಪಡಿಯನ್ನು. ಈಗ ಅದು ಪಕ್ಕಕ್ಕೆ ಸರಿದಿತ್ತು. ಅದರ ಒಳಮೈಯ ಮೇಲೆ ಗೀರುಗಳು. ಮೊದಲು ಯಾವುದೋ ಲೋಹದಿಂದ, ಆಳವಾಗಿ, ಒಂದರ ಪಕ್ಕ ಒಂದು. ಆಮೇಲೆ ತೆಳುವಾಗಿ. ಕೊನೆಯವು ಬರೀ ಬೆರಳಿನವು.

“ಬೆಲ್ಟಿನ ಬಕಲ್ಲಿಂದ ಕೆರೆದಿದಾನೆ,” ಎಂದಳು. “ಹೆಣದ ಮೇಲೆ ಬೆಲ್ಟ್ ಇರಲಿಲ್ಲ, ಜ್ಞಾಪಕ ಇದೆಯಾ? ಇಲ್ಲಿ ಬಿದ್ದಿದೆ.”

ಹೊರಗಿನಿಂದ ಸ್ತ್ರಾತೊ ಟಾರ್ಚನ್ನು ಆ ದನಿಯ ಕಡೆ ತಿರುಗಿಸಿದ.

“ಒಡೆದ ಪೆಟ್ಟಿಗೆಯ ಮುಚ್ಚಳಗಳನ್ನ ನಡುಮಧ್ಯೆ ಪೇರಿಸಿದಾನೆ. ಹತ್ತಿ ಮೇಲಿನ ಕಲ್ಲು ಸರಿಸೋಕೆ ನೋಡಿದಾನೆ. ಆಗಿಲ್ಲ.”

“ಎಷ್ಟು ಹೊತ್ತು ಒಳಗಿದ್ದಿರಬಹುದು ಮೇಡಂ?”

“ಹೊತ್ತಲ್ಲ. ದಿನಗಟ್ಟಲೆ.”

ಬೆಳಿಗ್ಗೆ ಕುರುಬ ಸೀಫಿ ಕೊನೆಗೂ ಬಾಯಿ ಬಿಟ್ಟಿದ್ದ. ಅವನ ಕುರಿದೊಡ್ಡಿ ಈ ದಿಬ್ಬಕ್ಕೆ ಎಲ್ಲರಿಗಿಂತ ಹತ್ತಿರ. ಶುಕ್ರವಾರ ಬೆಟ್ಟದೊಳಗಿಂದ ಅಳು ಕೇಳಿತಂತೆ. “ಹಳೇ ಜನ ಅಳ್ತಿದಾರೆ ಅಂದ್ಕೊಂಡೆ, ಶಿಲುಬೆ ಗುರುತು ಹಾಕ್ಕೊಂಡು ಕುರಿ ಕೆಳಗೆ ಹೊಡ್ಕೊಂಡು ಬಂದೆ,” ಎಂದಿದ್ದ. ಯಾರಿಗಾದರೂ ಹೇಳಿದೆಯಾ ಎಂದರೆ, “ಎಲ್ಲರಿಗೂ ಹೇಳಿದೆ. ಕಾಫಿ ಅಂಗಡೀಲಿ ಕೂತೇ ಹೇಳಿದೆ,” ಎಂದ.

ಎಲ್ಲರಿಗೂ. ಅವನ ಗಡ್ಡ ಹಿಡಿದು ಜಗ್ಗಬೇಕೆನಿಸಿತ್ತು ಅವಳಿಗೆ. ಕಾಫಿ ಅಂಗಡಿಯಲ್ಲಿ ಊರಿಗೆ ಊರೇ ಕೂತು, ಬೆಟ್ಟ ಅಳುತ್ತಿದೆಯಂತೆ ಎಂದು ಕೇಳಿ, ರಾಕಿ ಸಾರಾಯಿ ಸುರಿದುಕೊಂಡು ಕುಡಿದಿತ್ತು.

ತೆವಳಿಕೊಂಡು ಹೊರಬಂದವಳು ವಾಕಿಟಾಕಿ ಒತ್ತಿದಳು. ಗರಗರ ಸದ್ದು ಬಿಟ್ಟರೆ ಏನಿಲ್ಲ. ಶಿಖರ ಅಡ್ಡವಿತ್ತು.

“ನೀನು ಕೆಳಗಿಳಿ. ಕಮರಿ ಬಾಯಿಗೆ ಹೋದ್ರೆ ಸಿಗ್ನಲ್ ಸಿಗತ್ತೆ. ಡಾಕ್ಟ್ರನ್ನ, ಫೋಟೋದವರನ್ನ ಕರೆಸು.”

“ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೆಂಗೆ ಹೋಗ್ಲಿ?”

“ನೀನಿದ್ರೂ ಈ ಅಂಚಲ್ಲಿ ನಾನು ಒಬ್ಬಳೇ. ಕಣ್ಣು ಮುಚ್ಕೊಂಡೇ ಮೂರು ಸಲ ಹತ್ತಿದೀಯ. ಹೋಗು.”

ಅವನು ಬೈಸಿಕೊಂಡ ಮುಖ ಮಾಡಿ, ಆದರೆ ಒಳಗೊಳಗೇ ಹಗುರಾಗಿ, ಬಂಡೆಗಳನ್ನು ತಬ್ಬುತ್ತ ಇಳಿದುಹೋದ.

ಎರ್ಗಿನಿ ಸೊಂಟದ ಬೆಲ್ಟನ್ನು ಪಿಸ್ತೂಲಿನ ಸಮೇತ ಬಿಚ್ಚಿ ಕಲ್ಲಿನ ಮೇಲಿಟ್ಟಳು. ಮೊದಲ ಸಲ ಅದು ಸಿಕ್ಕಿಕೊಂಡಿತ್ತು, ಬಾಗಿಲು ಅಷ್ಟು ಇಕ್ಕಟ್ಟು. ಸ್ತ್ರಾತೊ ಬಿಟ್ಟುಹೋದ ಟಾರ್ಚು ಹಿಡಿದು ಮತ್ತೆ ಒಳಗೆ ಹೋದಳು.

ಮೂರನೆಯ ಶವಪೆಟ್ಟಿಗೆ ಇನ್ನೂ ಇಡಿಯಾಗಿತ್ತು. ಪಕ್ಕೆಯ ಮೇಲೆ ಕಪ್ಪು ಬಣ್ಣದ ಆಕ್ಟೋಪಸ್, ಕೈಗಳನ್ನು ಅತ್ತಿತ್ತ ಬೀಸುತ್ತ. ಪೊಲಿಯೊ ಇದಕ್ಕೆ ಒರಗಿಕೊಂಡಿದ್ದಿರಬೇಕು. ನೆಲದ ಮಣ್ಣು ಕೂತು ಕೂತು ನುಣುಪಾಗಿತ್ತು. ಸುಗ್ಗಿ ಮುಗಿದ ಮೇಲೆ ಇಸ್ಕೂಲು ಹುಡುಗರನ್ನೆಲ್ಲ ಬೆಟ್ಟಕ್ಕೆ ಕರೆತಂದು, “ಇವರು ನಿಮ್ಮ ಮುತ್ತಜ್ಜನ ಮುತ್ತಜ್ಜಂದಿರು, ಟೋಪಿ ತೆಗೀರಿ,” ಎನ್ನುತ್ತಿದ್ದ ಮನುಷ್ಯ. ಎರ್ಗಿನಿಯೂ ತಲೆಗವಸು ತೆಗೆದು ನಿಂತವಳೇ.

ಪೆಟ್ಟಿಗೆಯ ಹಿಂದೆ ಕೈ ಹಾಕಿದಳು. ತಣ್ಣಗಿನದೇನೋ ತಗಲಿತು.

ಸಿಪಾಯಿಗಳು ಸೊಂಟಕ್ಕೆ ಕಟ್ಟುವಂಥ ಹಳೆಯ ಚಪ್ಪಟೆ ತಗಡಿನ ನೀರಿನ ಬಾಟಲಿ. ಒಂದು ಬದಿ ತಗ್ಗಾಗಿತ್ತು. ಮುಚ್ಚಳಕ್ಕೆ ಸರಪಳಿಯ ಬದಲು ಉಣ್ಣೆದಾರ. ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿತು. ಅದರ ಪಕ್ಕ ಮಣ್ಣಿನಲ್ಲಿ ಬಾರ್ಲಿ ರಸ್ಕಿನ ಚೂರು, ಒಂದು ಗಿಣ್ಣಿನ ಸಿಪ್ಪೆ.

ಪೊಲಿಯೊನ ಬಾಟಲಿ ಪ್ಲಾಸ್ಟಿಕ್ಕಿನದು. ಖಾಲಿಯಾಗಿ ಬಾಗಿಲ ಬಳಿ ಬಿದ್ದಿತ್ತು. ಹಾಗಾದರೆ ಇದು?

ಚಪ್ಪಡಿಯ ಕಡೆ ತಿರುಗಿದಳು. ಒಂದು ಮೂಲೆ ಮುರಿದಿತ್ತು. ಅದನ್ನು ಬಾಗಿಲಿಗೆ ಇಟ್ಟಾಗ ಆ ಮೂಲೆಯಲ್ಲಿ ಒಂದು ಕೈ ತೂರುವಷ್ಟು ಸಂದಿ ಉಳಿಯುತ್ತಿತ್ತು. ಗಾಳಿ ಬರುವಷ್ಟು. ಚಪ್ಪಟೆ ಬಾಟಲಿ ದಾಟುವಷ್ಟು.

ಯಾರೋ ಇಲ್ಲಿಗೆ ಬಂದಿದ್ದರು. ಅಳು ಕೇಳಿ ಓಡಿಹೋಗದೆ ಹತ್ತಿರ ಬಂದಿದ್ದರು. ಒಳಗಿರುವುದು ಮುತ್ತಜ್ಜರಲ್ಲ, ಪೊಲಿಯೊ ಎಂದು ತಿಳಿದಿದ್ದರು. ನೀರು ಕೊಟ್ಟಿದ್ದರು, ರಸ್ಕು ಕೊಟ್ಟಿದ್ದರು. ಆಮೇಲೆ ಅವನನ್ನು ಅಲ್ಲೇ ಬಿಟ್ಟು ಇಳಿದುಹೋಗಿದ್ದರು.

ಕೊಂದವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಈ ದಯೆಯ ಮೇಲೆ ಬಂತು ಅವಳಿಗೆ.

ಬಾಟಲಿಯನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ಹೊರಗೆ ತೆವಳಿದಳು. ಬೆಳಕಿಗೆ ಕಣ್ಣು ಕುಕ್ಕಿತು. ಮೊದಲು ಕಂಡದ್ದು ಬೂಟುಗಳು. ಮೊಣಕಾಲುದ್ದದ ಕಪ್ಪು ಬೂಟು, ಮೇಲೆ ಕಪ್ಪು ಅಂಗಿ, ಬಿಳಿ ಮೀಸೆ.

ಮನೂಸೊ. ಈ ಹುಲ್ಲುಗಾವಲಿನ ಒಡೆಯ. ಜ್ಞಾನಸ್ನಾನದ ದಿನ ಅವಳಿಗೆ ಎಣ್ಣೆ ಹಚ್ಚಿ, ಎತ್ತಿ ಹಿಡಿದು, ಹೆಸರಿಟ್ಟವನು. ಅವಳ ಬೆಲ್ಟಿನ ಪಕ್ಕದಲ್ಲೇ ಕೂತಿದ್ದ. ದಿಬ್ಬದ ಆ ಬದಿಯ ಕಚ್ಚಾ ರಸ್ತೆಯಲ್ಲಿ ಅವನ ಪಿಕಪ್ ನಿಂತಿತ್ತು.

“ಪಿಸ್ತೂಲನ್ನ ಕುರಿಕೋಲಿನ ಥರ ಹೊರಗಿಟ್ಟು ಒಳಗೆ ಹೋಗ್ತಾರೇನೇ ಮಗಳೇ?” ಎಂದ. ಬೆಲ್ಟನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟ. “ತಗೋ. ಮುಟ್ಟಿಲ್ಲ.”

ಅವಳು ಕಟ್ಟಿಕೊಂಡಳು.

“ಯಾಕೆ ಬಂದ್ರಿ ನೊನೊ?” ಹೆಸರಿಟ್ಟ ತಂದೆಯನ್ನು ಊರಲ್ಲಿ ಕರೆಯುವುದು ಹಾಗೆ.

“ಹದ್ದುಗಳು ಸುತ್ತುಹೊಡೀತಿದ್ವು. ಕುರಿ ಸತ್ತಿದೆಯೇನೋ ಅಂತ ಬಂದೆ.”

“ಕುರಿಯಲ್ಲ. ಪೊಲಿಯೊ ಮಾವ ಸತ್ತಿದ್ದು. ಇಲ್ಲೇ, ಇದರೊಳಗೆ. ನಿಮ್ಮ ಹುಲ್ಲುಗಾವಲಲ್ಲಿ, ನಿಮ್ಮ ಕಲ್ಲುಗುಪ್ಪೆ ಒಳಗೆ.”

“ಅವನು ಅಂಚಿಂದ ಜಾರಿಬಿದ್ದ.”

“ಇನ್ನೊಂದು ಸಲ ಹೇಳಿ.”

“ಜಾರಿ...”

“ಬನ್ನಿ ಇಲ್ಲಿ.” ಅವಳು ಅವನ ತೋಳು ಹಿಡಿದು ಚಪ್ಪಡಿಯ ಬಳಿಗೆ ಎಳೆದೊಯ್ದಳು. ಎಪ್ಪತ್ತು ದಾಟಿದ, ಊರಲ್ಲಿ ಯಾರೂ ಮೈಮುಟ್ಟಿ ಮಾತಾಡದ ಮನುಷ್ಯನನ್ನು. “ಬಗ್ಗಿ ನೋಡಿ. ಒಳಮೈ ನೋಡಿ. ಇದು ಬಕಲ್ಲಿನ ಗೀರು. ಇದು ಉಗುರಿನದು. ಜಾರಿಬೀಳೋನು ಗಾಳಿನ ಕೆರೀತಾನಾ ನೊನೊ?”

ಮನೂಸೊ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ನೆಟ್ಟಗಾದಾಗ ಅವನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

“ನಮಗೆ ಗೊತ್ತಿರಲಿಲ್ಲ,” ಎಂದ.

“ನಮಗೆ ಅಂದ್ರೆ?”

ಮನೂಸೊ ಕಮರಿಯ ಕಡೆ ಮುಖ ತಿರುಗಿಸಿದ.

“ನಿಮ್ಮ ಮಗ ಯಾಕೂಮಿ. ಅವನಲ್ದೆ ಇನ್ಯಾರು? ಹೊರಗಿನವರ ಕಾರು ಅವನ ಮನೆ ಮುಂದೆ ನಿಲ್ಲೋದನ್ನ ಊರೇ ನೋಡಿದೆ. ಸತ್ತವರ ಕೊರಳಿನ ಚಿನ್ನ ಕಿತ್ತು ಮಾರ್ತಿದಾನೆ. ನೀವು ಕಲ್ಲು ಎತ್ತಿಕೊಡ್ತಿದೀರಿ.”

“ಬಾಯಿ ಬಿಗಿಹಿಡಿ. ನನ್ನ ಮುಂದೆ ಮಾತಾಡ್ತಿದೀಯ.”

“ನಿಮ್ಮ ಮುಂದಲ್ದೆ ಯಾರ ಮುಂದೆ ಮಾತಾಡ್ಲಿ? ಉಳಿದವರೆಲ್ಲ ಕಿವೀಗೆ ಮೇಣ ಹಾಕ್ಕೊಂಡು ಕೂತಿದಾರೆ. ಏನಾಯ್ತು ಹೇಳಿ.”

ಅವನು ಮೀಸೆಯ ಮೇಲೆ ಕೈಯಾಡಿಸಿದ. ಗಾಳಿಗೆ ಕುರಿಗಂಟೆಗಳ ಸದ್ದು ಕೆಳಗಿನಿಂದ ಬಿಟ್ಟು ಬಿಟ್ಟು ಬರುತ್ತಿತ್ತು.

“ಪೊಲಿಯೊ ವಾಸನೆ ಹಿಡಿದಿದಾನೆ ಅಂತ ಸುದ್ದಿ ಬಂತು. ಗುರುವಾರ ಕತ್ತಲಾಗೋ ಹೊತ್ತಿಗೆ ಯಾಕೂಮಿ, ಅವನ ಇಬ್ಬರು ಆಳುಗಳು, ನಾನು, ಬಂದ್ವಿ. ಚಪ್ಪಡಿ ಮುಚ್ಚಿ ಪೊದೆ ಹಾಕಿ ಹೋಗೋಣ ಅಂತ. ಮುಚ್ಚೋ ಮುಂಚೆ ನಾನು ಕೂಗಿದೆ. ಯಾರಿದೀರಿ ಒಳಗೆ, ಬನ್ನಿ ಅಂತ. ಸಂತನ ಆಣೆ, ಕೂಗಿದೆ. ಸದ್ದಿಲ್ಲ.”

“ಯಾಕೆ ಸದ್ದು ಮಾಡ್ತಾನೆ? ಕಳ್ಳರನ್ನ ಹಿಡೀಬೇಕು ಅಂತ ಬಚ್ಚಿಟ್ಕೊಂಡಿದ್ದ. ಕಳ್ಳನೇ ಬಂದು, ಯಾರಿದೀರಿ ಅಂತ ಕೇಳಿದ್ರೆ ನಾನಿದೀನಿ ಅಂತ ಹೇಳ್ಬೇಕಿತ್ತಾ?”

ಕಳ್ಳ ಎಂಬ ಮಾತಿಗೆ ಅವನ ಕಣ್ಣು ಕೆಂಪಾಯಿತು. ಆದರೂ ನುಂಗಿಕೊಂಡ.

“ಭಾನುವಾರ ಬಂದು ತೆಗೆದಾಗ ಬಾಗಿಲಲ್ಲೇ ಬಿದ್ದಿದ್ದ. ಮರಗಟ್ಟಿಹೋಗಿದ್ದ. ಇನ್ನೇನು ಮಾಡೋದಿತ್ತು? ಇಲ್ಲೇ ಸಿಕ್ಕಿದ್ರೆ ನನ್ನ ಮಗ ಜೈಲಿಗೆ. ಅಂಚಿಂದ ಬಿದ್ದ ಅಂದ್ರೆ ಪಾದ್ರಿ ಮಣ್ಣು ಹಾಕ್ತಾನೆ, ಊರು ಅತ್ತು ಸುಮ್ಮನಾಗತ್ತೆ. ಸತ್ತವನನ್ನ ಬೆಟ್ಟಕ್ಕೆ ಕೊಟ್ವಿ.”

“ಎಸೆದ್ರಿ.”

“ಕೊಟ್ವಿ.”

“ಎಸೆದೆ ಮನೂಸೊ. ನೀನು ಎಸೆದೆ.”

ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಬಾಯಲ್ಲಿ ಅವನು ‘ನೀನು’ ಆಗಿದ್ದ. ಹೊಡೆತ ತಿಂದವನಂತೆ ಅವನು ತಲೆ ಹಿಂದಕ್ಕೆ ಎಳೆದುಕೊಂಡ.

“ನಿನ್ನಪ್ಪ ಸತ್ತಾಗ ನೀನು ತೊಟ್ಟಿಲಲ್ಲಿದ್ದೆ,” ಎಂದ ಮೆಲ್ಲಗೆ. “ನಿಮ್ಮ ಮನೆ ಒಲೆ ಆರದ ಹಾಗೆ ನೋಡ್ಕೊಂಡವನು ನಾನು. ನಿನ್ನ ಮೈಮೇಲಿನ ಈ ಸಮವಸ್ತ್ರಕ್ಕೆ ಓದಿಸಿದವನು ನಾನು.”

“ಅದಕ್ಕೇ ಇಷ್ಟು ಹೊತ್ತು ನಿಂತು ಕೇಳ್ತಿದೀನಿ. ಇಲ್ದಿದ್ರೆ ಆಗ್ಲೇ ಬೇಡಿ ಬೀಳ್ತಿತ್ತು. ಶುಕ್ರವಾರ ಸೀಫಿ ಕಾಫಿ ಅಂಗಡೀಲಿ ಬೆಟ್ಟ ಅಳ್ತಿದೆ ಅಂದಾಗ ನೀನೂ ಅಲ್ಲಿದ್ದೆ ತಾನೆ?”

“ಇದ್ದೆ.”

“ಆಗಲೂ ಗೊತ್ತಾಗಲಿಲ್ಲ?”

“ಸೀಫಿ ಕುಡುಕ,” ಎಂದ. ಆ ಮಾತು ಅವನಿಗೇ ರುಚಿಸಲಿಲ್ಲ. ಪಕ್ಕಕ್ಕೆ ಉಗುಳಿದ. “ಗೊತ್ತಾಗಬಾರದು ಅಂದ್ಕೊಂಡೆ. ನಿಜ ಬೇಕಾ? ತಗೋ. ಗೊತ್ತಾಗಬಾರದು ಅಂತ ಇನ್ನೊಂದು ಲೋಟ ಹಾಕಿಸ್ಕೊಂಡೆ.”

ಎರ್ಗಿನಿ ಬೇಡಿಗೆ ಕೈ ಹಾಕಿದಳು. ಆದರೆ ಒಂದು ಪ್ರಶ್ನೆ ಬಾಕಿಯಿತ್ತು. ಕೈವಸ್ತ್ರ ಬಿಚ್ಚಿದಳು.

“ನಿಮ್ಮವರಲ್ಲಿ ನೀರು ಕೊಟ್ಟವರು ಯಾರು?”

“ಯಾವ ನೀರು?”

“ಇದು ಒಳಗಿತ್ತು, ಪೆಟ್ಟಿಗೆ ಹಿಂದೆ. ಮೂಲೆ ಸಂದಿಯಿಂದ ಯಾರೋ ಒಳಗೆ ತೂರಿಸಿದಾರೆ. ರಸ್ಕು, ಗಿಣ್ಣು ಕೂಡ. ಜೀವ ಇದ್ದಾಗ. ನಿನ್ನ ಮಗನಾ? ಆಳುಗಳಾ?”

ಮನೂಸೊ ಬಾಟಲಿ ತೆಗೆದುಕೊಂಡ. ಅವನ ಹೆಬ್ಬೆರಳು ಹುಡುಕದೆಯೇ ಹೋಗಿ ಆ ತಗ್ಗಿನಲ್ಲಿ ಕೂತಿತು, ತನ್ನ ಜಾಗ ತನಗೆ ಗೊತ್ತಿದ್ದ ಹಾಗೆ.

ಎರ್ಗಿನಿ ಅದನ್ನು ಗಮನಿಸಿದಳು.

“ಆಳುಗಳಾಗಿದ್ರೆ ಇಬ್ಬರು ಸೇರಿ ಚಪ್ಪಡಿ ಸರಿಸ್ತಿದ್ರು,” ಎಂದಳು, ಅವನ ಮುಖದಿಂದ ಕಣ್ಣು ಕೀಳದೆ. “ಬಂದವರು ಒಬ್ಬರೇ. ಕಲ್ಲು ಸರಿಸೋ ಶಕ್ತಿ ಇಲ್ಲದವರು. ಸಹಾಯಕ್ಕೆ ಯಾರನ್ನೂ ಕರೆಯೋಕೂ ಆಗದವರು. ಕರೆದ್ರೆ, ಈ ಚಪ್ಪಡಿ ಇಟ್ಟವನು ಯಾರು ಅಂತ ಹೇಳ್ಬೇಕಾಗತ್ತೆ. ಆ ಮನುಷ್ಯನ್ನ ಉಳಿಸೋಕೆ ಪೊಲಿಯೊನ ಬಿಟ್ಟುಹೋಗಿದಾರೆ. ಯಾರ ಬಾಟಲಿ ಇದು?”

“ಗೊತ್ತಿಲ್ಲ.”

“ನಿನ್ನ ಬೆರಳಿಗೆ ಗೊತ್ತಿದೆ.”

ಅವನು ಕಲ್ಲಿನ ಮೇಲೆ ಕುಸಿದ. ಮಗ ಜೈಲಿಗೆ ಹೋಗುತ್ತಾನೆ ಎಂದಾಗ ಕುಸಿಯದವನು, ಕಳ್ಳ ಎನ್ನಿಸಿಕೊಂಡಾಗ ಕುಸಿಯದವನು. ಉಣ್ಣೆದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಆಮೇಲೆ ಮೆಲ್ಲನೆ ಅವನ ಮುಖಕ್ಕೆ ರಕ್ತ ಮರಳಿ ಬಂತು, ಕುತ್ತಿಗೆಯಿಂದ ಮೇಲಕ್ಕೆ. ಅಂಥ ಸಿಟ್ಟನ್ನು ಅವಳು ಅವನಲ್ಲಿ ಎಂದೂ ಕಂಡಿರಲಿಲ್ಲ.

“ನಾನೇ ಕೊಟ್ಟಿದ್ದ ಬಾಟಲಿ. ಹೇಳಿದ್ರೆ ಸಾಕಿತ್ತು,” ಎಂದ, ಎರ್ಗಿನಿಗಲ್ಲ, ತನಗೇ. “ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನೇ ಬಂದು ಈ ಕೈಯಿಂದ ಕಲ್ಲು ತೆಗೀತಿದ್ದೆ. ನನ್ನನ್ನ ಕೊಲೆಗಾರ ಮಾಡಿ ಕೂತಳಲ್ಲ.”

“ಕೂತಳು ಅಂದೆ. ಯಾರವಳು?”

ಅವನು ಎದ್ದ. ಬಾಟಲಿಯನ್ನು ಅವಳ ಕೈಗೆ ಮರಳಿಸಿ ಪಿಕಪ್ಪಿನ ಕಡೆ ನಡೆದ.

“ಮನೂಸೊ, ನಿಲ್ಲು. ನಿನ್ನನ್ನ ಬಂಧಿಸಿದೀನಿ.”

“ಸಂಜೆ ನಾನೇ ಠಾಣೆಗೆ ಬರ್ತೀನಿ. ಆಗ ಕಟ್ಟು.”

“ಈಗ. ನಿಲ್ಲು.”

ಅವನು ಪಿಕಪ್ಪಿನ ಸೀಟಿನ ಹಿಂದಿನಿಂದ ಬಂದೂಕು ತೆಗೆದು ಪಕ್ಕಕ್ಕಿಟ್ಟುಕೊಂಡ. ಎರ್ಗಿನಿ ಪಿಸ್ತೂಲು ಎಳೆದು ಗಾಳಿಗೆ ಒಂದು ಗುಂಡು ಹಾರಿಸಿದಳು. ಬಂಡೆಗಳು ಆ ಸದ್ದನ್ನು ಒಂದಕ್ಕೊಂದು ದಾಟಿಸಿದವು. ಮನೂಸೊ ತಿರುಗಿಯೂ ನೋಡಲಿಲ್ಲ. ಮದುವೆಗೂ ನಾಮಕರಣಕ್ಕೂ ಆಕಾಶಕ್ಕೆ ಗುಂಡು ಹೊಡೆಯುವ ಊರಿದು, ಗಾಳಿಗುಂಡಿಗೆ ಯಾರು ಹೆದರುತ್ತಾರೆ.

“ಬೆನ್ನಿಗೆ ಹೊಡಿ, ಮಗಳೇ,” ಎಂದ ಬಾಗಿಲು ಎಳೆದುಕೊಳ್ಳುತ್ತ. “ಹೊಡೀಲಿಲ್ಲ ಅಂತ ಆಮೇಲೆ ನೀನೇ ಅಳ್ತೀಯ.”

ಗಾಜಿನಾಚೆಯ ಆ ಬಿಳಿ ತಲೆಗೆ ಅವಳು ಗುರಿ ಹಿಡಿದಳು. ಬೆರಳು ಬಾಗಲಿಲ್ಲ. ಗುರಿ ಕೆಳಗಿಳಿಸಿ ಚಕ್ರಕ್ಕೆ ಹೊಡೆದಳು. ಕಲ್ಲು ಚಿಮ್ಮಿತು. ಪಿಕಪ್ ಧೂಳೆಬ್ಬಿಸುತ್ತ ತಿರುವಿನಲ್ಲಿ ಮಾಯವಾಯಿತು.

ವಾಕಿಟಾಕಿ ಒತ್ತಿದಳು. ಗರಗರ. “ಸ್ತ್ರಾತೊ. ಸ್ತ್ರಾತೊ, ಕೇಳಿಸ್ತಿದೆಯಾ?” ಗರಗರ. ಅವಳ ಜೀಪು ಕಮರಿಯ ಆ ಬದಿಯಲ್ಲಿ, ಬೆಟ್ಟದ ಬುಡದಲ್ಲಿತ್ತು. ಈ ಬದಿಯಲ್ಲಿ ಇಳಿಯಲು ಅವಳಿಗಿದ್ದದ್ದು ಎರಡು ಕಾಲು.

ದಿಬ್ಬದ ತುದಿಗೆ ಓಡಿ ನಿಂತಳು. ಕೆಳಗೆ ರಸ್ತೆ ಹಾವಿನಂತೆ ಬಿದ್ದಿತ್ತು, ಅದರ ಮೇಲೆ ಪಿಕಪ್ಪಿನ ಧೂಳು. ಸಂತ ಫನೂರಿಯೊನ ಪುಟ್ಟ ಇಗರ್ಜಿಯ ಬಳಿ ದಾರಿ ಕವಲಾಗುತ್ತದೆ. ಬಲಕ್ಕೆ ಹೋದರೆ ಊರು, ಕಾಫಿ ಅಂಗಡಿ, ಮನೂಸೊನ ಮನೆ. ಅವನ ಹೆಂಡತಿ ಅಲ್ಲಿದ್ದಾಳೆ, ಸೊಸೆ ಅಲ್ಲಿದ್ದಾಳೆ. ಮಗನ ಕಳ್ಳತನ ಮುಚ್ಚಿಡಲು ಕಾರಣವಿರುವ ಹೆಂಗಸರು ಇಬ್ಬರೂ ಅಲ್ಲಿದ್ದಾರೆ. ಎರ್ಗಿನಿ ಬಲದ ದಾರಿಯ ಮೇಲೇ ಕಣ್ಣು ನೆಟ್ಟಳು.

ಧೂಳು ಇಗರ್ಜಿಯ ಬಳಿ ಒಂದು ಕ್ಷಣ ನಿಂತಿತು. ಎಡಕ್ಕೆ ತಿರುಗಿತು.

ಎಡದ ದಾರಿಯಲ್ಲಿರುವುದು ಒಂದೇ ಮನೆ. ಆಕ್ರೋಟು ಮರದ ಕೆಳಗೆ, ನೀಲಿ ಬಾಗಿಲಿನದು. ಬೆಳಿಗ್ಗೆ ಅವಳು ಅದೇ ಬಾಗಿಲು ಎಳೆದುಕೊಂಡು ಕೆಲಸಕ್ಕೆ ಬಂದಿದ್ದಳು.

“ಅಮ್ಮಾ,” ಎಂದು ಕೂಗಿದಳು. ಗಾಳಿ ಅದನ್ನು ಬಾಯಿಂದಲೇ ಕಿತ್ತುಕೊಂಡಿತು. ಮುಳ್ಳು, ಕಲ್ಲು ನೋಡದೆ ಇಳಿಜಾರಿಗೆ ಹಾರಿದಳು. ಬಿದ್ದಳು, ಎದ್ದಳು, ಮತ್ತೆ ಕೆಳಗೆ ನೋಡಿದಳು.

ಪಿಕಪ್ ಅಂಗಳದ ಮುಂದೆ ನಿಂತಿತ್ತು. ನೀಲಿ ಬಾಗಿಲು ತೆರೆಯಿತು. ಇರುವೆಯಷ್ಟು ಚಿಕ್ಕದಾಗಿ, ಕಾಲು ಮುಚ್ಚುವ ಕಪ್ಪುಡುಗೆಯಲ್ಲಿ ಅವಳ ತಾಯಿ ಹೊರಗೆ ಬಂದಳು. ಓಡಲಿಲ್ಲ. ಬರುವವನಿಗಾಗಿ ಬೆಳಿಗ್ಗೆಯಿಂದ ಕಾದಿದ್ದವಳ ಹಾಗೆ ಅಂಗಳದ ನಡುವೆ ಬಂದು, ಕೈಕಟ್ಟಿ ನಿಂತಳು.